ಕಿಟಕಿಯ ಬೆಳಕಿನಲ್ಲಿ ನೋಡಿದವರು

ಅವರ ಉಗುರುಸಂದಿಯ ನೀಲಿ ಭಾನುವಾರವೂ ಹೋಗುತ್ತಿರಲಿಲ್ಲ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಅವರು ಕಲರ್ ಮಾಸ್ತರ್. ಅಲ್ಲಿ ನಮ್ಮ ಕೆಳಗಿನ ಮನೆಯವರು, ಬಾಗಲಕೋಟೆ ಕಡೆಯವರು. ನಾನು ವಿಮಾ ಕಚೇರಿಗೆ ವರ್ಗವಾಗಿ ಬಂದ ಮೈಸೂರಿನವಳು. ಬಣ್ಣ ನೋಡಲು ಮಾಸ್ತರರಿಗೆ ಕಿಟಕಿಯ ಬೆಳಕೇ ಬೇಕು. ಒಪ್ಪಿದರೆ ಒಂದೇ ಮಾತು, “ಪಾಸ್.” ನನ್ನ ಹೊಸ ಸೀರೆ ಪಾಸಾಗಲಿಲ್ಲ. “ಅಂಗಡಿ ಟ್ಯೂಬ್‌ಲೈಟ್ ಸುಳ್ಳು ಹೇಳ್ತೈತ್ರಿ” ಎಂದು ನನ್ನ ಖುಷಿಗೆ ತಣ್ಣೀರೆರಚಿದ್ದರು.

ಒಂದು ಬೆಳಿಗ್ಗೆ ಅವರ ಮನೆಗೆ ಪಾತ್ರೆ ಹಿಂದಿರುಗಿಸಲು ಹೋದೆ.

“ಅಕ್ಕಾರ, ಸ್ವಲ್ಪ ಕಿಟಕಿ ಕಡೆ ಬರ್ರಿ.”

ಹೆಂಡತಿಯ ಎದುರಿಗೇ ನನ್ನ ಕಣ್ಣು ದಿಟ್ಟಿಸತೊಡಗಿದರು. ನನಗೆ ರೇಗಿತು.

“ಬಿಳಿಯೊಳಗ ಹಳದಿ ಕೂಡೇತಿ. ಇವತ್ತ ರಕ್ತ ತೋರಸ್ರಿ.”

ಆಫೀಸಿದೆ ಎಂದೆ. “ಆಫೀಸ್ ಎಲ್ಲಿ ಹೋಗ್ತೈತಿ” ಎಂದು ತಾವೇ ಆಟೋ ನಿಲ್ಲಿಸಿದರು.

ಹೆಪಟೈಟಿಸ್ ಸಿ ಇತ್ತು. ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾದೆ. ಮಾಸ್ತರರಿಗೂ ಎಷ್ಟೋ ವರ್ಷದಿಂದ ಅದೇ ರೋಗವೆಂದು ಆಮೇಲೆ ತಿಳಿಯಿತು. “ನಸುಕಿನ್ಯಾಗ ಟ್ಯೂಬ್‌ಲೈಟ್ ಹಚ್ಚಿ ಗಡ್ಡ ಮಾಡ್ಕೊತಿದ್ದೆ. ನನ್ನ ಕಣ್ಣ ಕಿಟಕಿಗೆ ಒಯ್ದು ನೋಡ್ಲೇ ಇಲ್ಲ” ಎಂದು ತಮ್ಮನ್ನು ನೆನೆದು ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಅವರ ವೈರಸ್ಸೂ ಮಾತ್ರೆಗೆ ಹೋಯಿತು. ಆದರೆ ಇಷ್ಟು ಕಾಲ ಅದರೊಡನೆ ಕಾದಾಡಿದ ರಕ್ತದ ಟಿ ಕೋಶಗಳು ಈಗ ಯಕೃತ್ತನ್ನೇ ಶತ್ರುವೆಂದು ತಿಳಿದಿವೆ ಎಂದರು ಅಹಮದಾಬಾದಿನ ವೈದ್ಯರು. ಅವನ್ನು ಅಡಗಿಸುವ ಔಷಧಿ ಕೊಟ್ಟರೆ ಬೇರೆ ಸೋಂಕು ಹತ್ತುತ್ತಿತ್ತು, ನಿಲ್ಲಿಸಿದರೆ ಯಕೃತ್ತು ಸವೆಯುತ್ತಿತ್ತು.

“ಕಲೆ ತೆಗ್ಯಾಕ ಬ್ಲೀಚ್ ಹಾಕಿದ್ವಿ. ಕಲೆ ಹೋತು, ಬ್ಲೀಚು ಬಟ್ಟಿ ತಿನ್ನಾಕತ್ತೇತಿ. ತಿಳೀತ್ರಿ” ಎಂದು ವೈದ್ಯರಿಗೆ ಹೇಳಿದರು ಮಾಸ್ತರರು. ಸಂಶೋಧನೆಗೆ ರಕ್ತ ಕೇಳಿದಾಗ ತೋಳು ಚಾಚಿದರು. “ಕೆಟ್ಟ ಮಾಲಿಂದೂ ಒಂದು ತುಂಡು ಇಟ್ಕೋಬೇಕ್ರಿ. ಮುಂದಿನವ್ರಿಗೆ ಬೇಕಾಗ್ತೈತಿ.”

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಅವರ ಮುಖ, ಅಂಗೈ ಎಲ್ಲ ಅರಿಸಿನ. ಉಗುರಿನ ನೀಲಿ ಮಾತ್ರ ಅಳಿಸಿಹೋಗಿತ್ತು. ಅದನ್ನು ಕಂಡು ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ಕೈಮಾಡಿದರು. ಹೋಗಿ ನಿಂತೆ.

“ಅಳಬ್ಯಾಡ್ರಿ. ಕಣ್ಣ ಕೆಂಪಾದ್ರ ಹಳದಿ ಗೊತ್ತಾಗಂಗಿಲ್ಲ.”

ಕಣ್ಣೊರೆಸಿಕೊಂಡು ಮತ್ತೆ ನಿಂತೆ. ಬಹಳ ಹೊತ್ತು ನೋಡಿದರು.

“ಪಾಸ್” ಎಂದರು.

ಮರುದಿನ ಹೋಗಿಬಿಟ್ಟರು. ಈಗಲೂ ಬೆಳಿಗ್ಗೆ ಮುಖ ತೊಳೆದವಳೇ ಕೈಗನ್ನಡಿ ಹಿಡಿದು ಕಿಟಕಿಗೆ ಹೋಗುತ್ತೇನೆ.