ಹಿತ್ತಿಲ ಕೊಳವೂ ನಮ್ಮಕ್ಕನೂ

ಅಕ್ಕನ ಎರಡೂ ಕಾಲಿಗೆ, ಕಣಕಾಲಿನ ಮೇಲೆ, ಪಾಚಿಯ ಹಸಿರು ಗೆರೆಯೊಂದು ಕಡಗದ ಹಾಗೆ ಸುತ್ತಿಕೊಂಡಿರುತ್ತಿತ್ತು. ಹಬ್ಬದ ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. "ಇರ್ಲಿ ಬುಡು, ಬೆಳ್ಳಿದು ಮಾಡ್ಸಾಕೋರು ಇಲ್ದಿದ್ರೆ ಪಾಚಿದೇ ಸೈ," ಎಂದು ಭಾವನಿಗೆ ಕೇಳುವಂತೆ ಹೇಳಿ ನಗುತ್ತಿದ್ದಳು.

ಮಕ್ಕಳೇ, ಅಕ್ಕ ಎಂದರೆ ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಕಟ್ಟಲು ನಮ್ಮ ಹಿತ್ತಿಲಲ್ಲಿ ಮಣ್ಣು ತೆಗೆದಿದ್ದರು. ಆ ಗುಂಡಿಯಲ್ಲಿ ಮಳೆನೀರು ನಿಂತಾಗ, ಅಕ್ಕ ಕಟ್ಟೆಮಳಲವಾಡಿಯ ತನ್ನ ತವರಿನಿಂದ ನೈದಿಲೆ ಗೆಡ್ಡೆ ತಂದು ಕೆಸರಿನಲ್ಲಿ ಊರಿದಳು, ಬಿಂದಿಗೆಯಲ್ಲಿ ಮೀನುಮರಿ ತಂದು ಬಿಟ್ಟಳು. ಮೊದಲ ಮೊಗ್ಗು ಕಂಡ ಬೆಳಿಗ್ಗೆ "ಬಾರೇ, ಬಾರೇ, ಕೈಲಿರೋದು ಅಲ್ಲೇ ಬುಟ್ಟು ಬಾ!" ಎಂದು ಕೂಗಿದ ಅಬ್ಬರಕ್ಕೆ, ಹಾವು ಬಂತೆಂದು ಪಕ್ಕದ ಮನೆಯವರು ದೊಣ್ಣೆ ಹಿಡಿದು ಓಡಿಬಂದಿದ್ದರು.

ನಾನೋ ಬಾಯಿ ಸತ್ತವಳು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಏನಿದ್ದರೂ ಕಂಬದ ಮರೆಯಿಂದ ಅಕ್ಕನಿಗೆ ಹೇಳುತ್ತಿದ್ದೆ, ಅವಳು ಅವರಿಗೆ ಮುಟ್ಟಿಸುತ್ತಿದ್ದಳು.

ಒಂದು ವರ್ಷ ಹೊಗೆಸೊಪ್ಪಿನ ನಾಟಿಯ ಹೊತ್ತಿನಲ್ಲಿ ನಿಮ್ಮ ತಾತ ಗೊಬ್ಬರದ ಖಾಲಿ ಚೀಲಗಳನ್ನೆಲ್ಲ ಕೊಳದಲ್ಲಿ ಅದ್ದಿ ಒಗೆದರು. ಚೊಕ್ಕ ಮಾಡಿದೆನೆಂದು ಅವರಿಗೆ ಸಂತೋಷ. ಕೆಲವೇ ದಿನಕ್ಕೆ ನೀರು ಬಣ್ಣ ಕಲಸಿದಂತೆ ಹಸಿರಾಗಿ ನಾತ ಹೊಡೆಯಿತು. ಬೆಳಗಾದರೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ನಾಟಿ ಮುಗೀಲಿ, ಟ್ರ್ಯಾಕ್ಟರ್‌ನಾಗೆ ಮಣ್ಣು ತರ್ಸಿ ಮುಚ್ಚಾಕ್ತೀನಿ," ಎಂದರು ಭಾವ.

"ಅಷ್ಟ್ರಲ್ಲಿ ತಿಳಿಯಾದ್ರೆ?" ಅಕ್ಕ ಕೇಳಿದಳು.

"ಆದಾಗ ನೋಡಾನ."

"ಗೊಬ್ಬರ ತಿಂದು ನೀರು ಕೊಬ್ಬದೆ ಕಣೇ," ಎಂದಳು ನನಗೆ. "ಆ ಕೊಬ್ಬ ತಿನ್ನೋರ್ನ ಕರ್ಕಬರಾನ ನಡಿ."

ಕೆರೆಯಿಂದ ಅಂತರಗಂಗೆ ತಂದೆವು, ನೀರಿನ ಮೇಲೆ ತೇಲುವ, ಪುಟ್ಟ ಎಲೆಕೋಸಿನಂಥ ಗಿಡ. ಹಳೇ ಸೀರೆಯ ತುದಿಗಳನ್ನು ಇಬ್ಬರೂ ಹಿಡಿದು ಪಾಚಿ ಬಳಿದು ತೆಗೆದೆವು. ದಿನವೂ ಒಂದಿಷ್ಟು ನೀರನ್ನು ತೆಂಗಿಗೆ ಮೊಗೆದು, ಅಷ್ಟೇ ಹೊಸ ನೀರನ್ನು ಎತ್ತರದಿಂದ ಸುರಿದರೆ ಮೀನುಗಳು ಚುರುಕಾಗಿ ಅಲ್ಲಿಗೇ ನುಗ್ಗುತ್ತಿದ್ದವು. ಎಲ್ಲ ನೀರನ್ನೂ ಒಟ್ಟಿಗೆ ಬದಲಾಯಿಸೋಣವೆಂದರೆ, "ಮೀನು ತಡ್ಕಳಕಿಲ್ಲ, ತಾಳು," ಎನ್ನುತ್ತಿದ್ದಳು. ಅಂತರಗಂಗೆ ಕೊಳ ಮುಚ್ಚುವಷ್ಟು ಹಬ್ಬಿದಾಗಲೆಲ್ಲ ಅರ್ಧ ಕಿತ್ತು ತೆಂಗಿನ ಬುಡಕ್ಕೆ ಹಾಕಿಸುತ್ತಿದ್ದಳು.

ಬೆಳಿಗ್ಗೆ ಅವಳದೊಂದು ಆಟ. ತೋಳನ್ನು ನೀರಿಗೆ ಇಳಿಬಿಟ್ಟು, ಕೈ ಎಲ್ಲಿಯವರೆಗೆ ಕಾಣುತ್ತದೆಂದು ಬಗ್ಗಿ ನೋಡುವುದು. ಮೊದಮೊದಲು ಬಳೆಯೂ ಕಾಣುತ್ತಿರಲಿಲ್ಲ. "ಬಳೆ ಕಂಡ್ವು ಕಣೇ!" ಎಂದು ಕುಣಿದ ದಿನ ನಾನೂ ಕುಣಿದೆ. ಆಮೇಲೆ ಅಂಗೈ ಕಂಡಿತು. ಹಾಲು ಕರೆಯುವುದಕ್ಕೂ ಮುಂಚೆ ನಾನೇ ಓಡಿಹೋಗಿ ಕೈ ಇಳಿಸತೊಡಗಿದೆ!

ನಾಟಿ ಮುಗಿಯುವವರೆಗೆ ಕೊಳಕ್ಕೇನೂ ಆಗದೆಂದು ನಂಬಿ ಅಕ್ಕ ಒಂದು ದಿನ ಸಾಲಿಗ್ರಾಮಕ್ಕೆ ನೆಂಟರ ಮನೆಗೆ ಹೋಗಿದ್ದಳು. ಟ್ರ್ಯಾಕ್ಟರ್ ಬಿಡುವಾಗಿದೆಯೆಂದು ಭಾವ ಅವತ್ತೇ ಮಣ್ಣು ತರಿಸಿಬಿಟ್ಟರು. ಟ್ರ್ಯಾಕ್ಟರ್ ಹಿಂದಕ್ಕೆ ಸರಿಯುತ್ತಾ ಕೊಳದ ಅಂಚಿಗೆ ಬಂತು. ಮಾತು ದಾಟಿಸಲು ಅಕ್ಕ ಇಲ್ಲ. ನಾನು ಓಡಿಹೋಗಿ ದಡದಲ್ಲಿ ಮಂಡಿಯೂರಿ ತೋಳನ್ನು ಪೂರ್ತಿ ನೀರಿಗಿಳಿಸಿದೆ.

"ಬ್ಯಾಡಿ ಭಾವ! ಉಗುರು ಕಾಣ್ತವೆ! ಬಂದ್ ನೋಡಿ!"

ಭಾವ ನೀರನ್ನು ಬಿಟ್ಟು ನನ್ನನ್ನೇ ನೋಡಿದರು. ಬಳಿಕ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಬಹಳ ಹೊತ್ತು ಬಗ್ಗಿ ನೋಡಿ, "ಆ ಮಣ್ಣ ಕೊಟ್ಟಿಗೆ ತಾವ ಸುರೀಲಾ," ಎಂದು ಡ್ರೈವರಿಗೆ ಕೂಗಿದರು.

ಸಂಜೆ ಬಂದ ಅಕ್ಕ ಮಣ್ಣಿನ ಗುಡ್ಡೆ ನೋಡಿ ಗಾಬರಿಯಾದಳು. ಭಾವ ನಡೆದದ್ದನ್ನು ಹೇಳಿದ್ದೇ ತಡ, ನನ್ನ ಎರಡೂ ಕೆನ್ನೆ ಹಿಂಡಿ, "ಅಯ್ಯೋ ಕಳ್ಳಿ, ಇಷ್ಟು ದಿನ ನನ್ನ ಬಾಯಿ ಸವೆಸ್ದಲ್ಲೇ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ನಕ್ಕಳು. ಅಂದಿನಿಂದ ಭಾವನಿಗೆ ಏನಾದರೂ ಹೇಳೆಂದರೆ, "ನೀನೇ ಹೇಳೋಗು," ಎನ್ನುತ್ತಿದ್ದಳು.

ಅಕ್ಕ ತೀರಿಕೊಂಡ ದಿನ ಮನೆ ತುಂಬ ಗಂಡಸರಿದ್ದರು. ಭಾವ ಅವರನ್ನೆಲ್ಲ ದಾಟಿ ನನ್ನ ಹತ್ತಿರ ಬಂದು ಕೇಳಿದರು: "ಅವಳ್ನ ಎಲ್ಲಿ ಮಣ್ಣು ಮಾಡಾನವ್ವ?"

ನಾನು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ, ಕೊಳದ ದಡದ ಜಾಗ ಹೇಳಿದೆ.