ಹತ್ತಿ ಪೆಟ್ಟಿಗೆಯೊಳಗಿನ ಗಿಟಾರು

ಹಿರಿಯೂರಿನ ಮುಝಫರ್ ಅವರಿಗೆ ಈಗ ನಲವತ್ತೊಂಬತ್ತು ವರ್ಷ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ತಂದೆ ಮಹಮ್ಮದ್ ಗೌಸ್ ಅವರದೂ ಅದೇ, ತಾತನದೂ ಅದೇ; ಅದರ ಹಿಂದಿನ ಹೆಸರುಗಳು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹಿಂಜುವ ಮನೆತನಗಳ ನೆನಪುಗಳನ್ನು ದಾಖಲಿಸಲು ಹೋಗಿದ್ದ ನಾನು ಮೊದಲೆರಡು ಭೇಟಿಗಳಲ್ಲಿ ಗಾದಿಯ ವಿಚಾರವನ್ನಷ್ಟೇ ಕೇಳಿದ್ದೆ. ಮೂರನೆಯ ಬಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರೊಂದು ಕಣ್ಣಿಗೆ ಬಿತ್ತು. ಅದು ಯಾರದೆಂದು ಕೇಳಿದೆ. ಮುಂದಿನದನ್ನು ಅವರೂ ಅವರ ತಾಯಿ ನಸೀಬಾ ಅವರೂ, ನೆರೆಮನೆಯ ಕಾಟಮ್ಮನವರೂ ಬೇರೆಬೇರೆ ದಿನಗಳಲ್ಲಿ ಹೇಳಿದರು. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ.

ಇಪ್ಪತ್ತಾರು ವರ್ಷ ಮುಝಫರ್ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸಿದವರು. ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರದಲ್ಲಿ ಅವರು ಹತ್ತದ ವೇದಿಕೆ ಕಡಿಮೆ. ನುಡಿಸಿದ್ದೆಲ್ಲವೂ ಬೇರೆಯವರ ಹಾಡು. ತಮ್ಮದೆಂದು ಹೇಳಿಕೊಳ್ಳುವ ರಚನೆ ಒಂದೇ ಒಂದು. ತಂದೆ ಹತ್ತಿ ಹಿಂಜುವಾಗ ಹಿಂಜುವ ಬಿಲ್ಲಿಗೆ ಬಿಗಿದ ನರದ ತಂತಿ ಮಿಡಿಯುತ್ತಿದ್ದ ಲಯದ ಮೇಲೆ ಕಟ್ಟಿದ, ಮಾತಿಲ್ಲದ, ನಾಲ್ಕು ನಿಮಿಷದ ತುಣುಕು ಅದು. ಅದನ್ನು ಅವರು ಎಲ್ಲಿಯೂ ದಾಖಲಿಸಿರಲಿಲ್ಲ.

ಕಳೆದ ವರ್ಷ ಅವರ ಎಡಗೈಯ ಉಂಗುರ ಬೆರಳು ಮಡಚಿದರೆ ಮತ್ತೆ ಬಿಚ್ಚಿಕೊಳ್ಳದಂತಾಯಿತು. ಬಲಗೈಯಿಂದ ಹಿಡಿದು ಎಳೆದರೆ ಮಾತ್ರ ಲಟಕ್ಕನೆ ನೆಟ್ಟಗಾಗುತ್ತಿತ್ತು. ಚಿತ್ರದುರ್ಗದ ವೈದ್ಯರು ಶಸ್ತ್ರಚಿಕಿತ್ಸೆಗೆ ಮೂರು ವಾರದಾಚೆಯ ದಿನ ಕೊಟ್ಟು, "ಬೆರಳು ಬಿಚ್ಕಳ್ತೈತೆ. ಗಿಟಾರಿನ ಮಾತು ನಾನ್ ಕೊಡಾಕಾಗಲ್ಲ" ಎಂದರಂತೆ. ಹಾಗಾಗಿ ಆ ತುಣುಕು ಉಳಿಯಬೇಕಾದರೆ ಅಷ್ಟರೊಳಗೆ ದಾಖಲಾಗಬೇಕಿತ್ತು. ಬಿಸಿನೀರಿನಲ್ಲಿ ಕೈಯದ್ದಿದ ಮೇಲೆ, ಅದೂ ಕೆಲವು ಬೆಳಗ್ಗೆ ಮಾತ್ರ, ಬೆರಳು ಅರ್ಧ ಗಂಟೆ ಮಾತು ಕೇಳುತ್ತಿತ್ತು. ಸ್ಟುಡಿಯೋದಲ್ಲಿ ಮುಂಚಿತವಾಗಿ ದಿನ ಗೊತ್ತುಮಾಡಿ ಹೋಗುವಂತಿರಲಿಲ್ಲ. ಮನೆಯಲ್ಲೇ ಆಗಬೇಕು.

ಮನೆಯಲ್ಲಿದ್ದ ತೊಡಕು ಸದ್ದಿನದು. ಅವರ ಆಂಪ್ಲಿಫೈಯರ್ ಐಮಂಗಲದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹನುಮಂತರಾಜು ಅವರಿಂದ ಬಂದ ಹಳೆಯ ವಾಲ್ವ್ ಆಂಪ್ಲಿಫೈಯರ್. ಗಾಜಿನ ವಾಲ್ವುಗಳು ಬಿಸಿಯೇರಿ ದುಡಿದರೆ ಮಾತ್ರ ಅದರ ಸ್ವರಕ್ಕೆ ಮೈ ಬರುತ್ತದೆ. ವಾಲ್ಯೂಮ್ ತಗ್ಗಿಸಿದರೆ ತಗಡು ಬಡಿದಂತೆ. ಗೋಡೆಯ ಆಚೆಗಿರುವುದು ಕಾಟಮ್ಮನವರ ಮನೆ. ಅವರ ಗಂಡ ಸಣ್ಣತಿಮ್ಮಪ್ಪ ಮಾರಿಕಣಿವೆ ಅಣೆಕಟ್ಟೆಯ ನಾಲೆಯ ತೂಬು ಏರಿಸಿ ಇಳಿಸುತ್ತಿದ್ದ ನೌಕರರು. ಲಕ್ವ ಹೊಡೆದ ಮೇಲೆ ಸಣ್ಣ ಸದ್ದಿಗೂ ಬೆಚ್ಚಿ ಮೈಯೆಲ್ಲ ನಡುಗುತ್ತಾರೆ. ಲಕ್ವ ಹೊಡೆದ ದಿನ ಅವರನ್ನು ಹೊತ್ತು ಆಟೋಗೆ ಹತ್ತಿಸಿದವರು ಮುಝಫರ್. ಅಂದಿನಿಂದ ಅವರು ಮನೆಯಲ್ಲಿ ಗಿಟಾರಿನ ಸದ್ದು ಮಾಡಿದವರಲ್ಲ.

ಉಪಾಯ ಕೇಳಲು ಫೋನ್ ಮಾಡಿದರೆ ಹನುಮಂತರಾಜು ಮೊದಲೇ ಗದರಿದರು.

"ಲೇ, ಸದ್ದಾಗಬಾರ್ದು ಅಂತ ಸ್ಪೀಕರ್ ಬಿಚ್ಚಿ ಗಿಚ್ಚಿ ಓಡಿಸೀಯ! ಆಂಪ್ಲಿಫೈಯರ್ ಸುಟ್ಟೋಗ್ತೈತೆ. ಸ್ಪೀಕರ್ ಇರ್ಲೇಬೇಕು. ಬೇಕಾದ್ರೆ ಅದರ ಬಾಯಿ ಮುಚ್ಚು."

"ಹತ್ತಿ ತುಂಬಿ ಮುಚ್ಚೋದೇ ನಮ್ ಕಸುಬಲ್ವೇನಣ್ಣ?"

"ಹಂಗಾರೆ ಇನ್ನೇನ್ ಬೇಕಪ್ಪ ನಿಂಗೆ! ಆಂಪ್ಲಿಫೈಯರ್ ಮಾತ್ರ ಹೊರಗಿಡು, ಅದಕ್ಕೆ ಗಾಳಿ ಬೇಕು."

ಮುಝಫರ್ ಮೂರಡಿಯ ಮರದ ಪೆಟ್ಟಿಗೆಯೊಂದರಲ್ಲಿ ಸ್ಪೀಕರನ್ನೂ ಅದರೆದುರು ಮೈಕನ್ನೂ ಇಟ್ಟರು. ಆಂಪ್ಲಿಫೈಯರ್ ಹೊರಗೆ ಮೇಜಿನ ಮೇಲಿತ್ತು. ಮೈಕಿನ ತಂತಿ ಹಳೆಯ ಲ್ಯಾಪ್‌ಟಾಪಿಗೆ ಸೇರಿತ್ತು. ಪೆಟ್ಟಿಗೆಯ ಒಳಮೈಗೆ ಅವರು ತಮ್ಮ ಕಸುಬಿನ ಅತ್ಯುತ್ತಮ ಗಾದಿಯನ್ನೇ ಹೊಲಿದು ಹಾಕಿದ್ದರು. ಕೋಲಿನಿಂದ ಬಡಿದು, ಅದುಮಿ, ಮೂರು ಬೆರಳಗಲಕ್ಕೊಂದು ಹೊಲಿಗೆಯ ಟಾಕಿ ಹಾಕಿ ಬಿಗಿದ ಗಾದಿ. ವರ್ಷಗಟ್ಟಲೆ ಮಲಗಿದರೂ ಕುಸಿಯದಂಥದು.

ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಗೋಡೆಯ ಆಚೆಯಿಂದ ಕಾಟಮ್ಮನ ದನಿ ಕೇಳಿತು.

"ಏನಪ್ಪ ಅದು, ಕಲ್ಲಾಗೆ ರಾಗಿ ಬೀಸಿದಂಗೆ ಗುಮ್ಮ್ ಅಂತೈತೆ? ಇವರು ಕಣ್ ಬಿಟ್ಕಂಡು ನೋಡ್ತಾವ್ರೆ!"

ಹೆಡ್‌ಫೋನಿನಲ್ಲಿ ಕೇಳಿದ ಸ್ವರಕ್ಕೂ ಜೀವವಿರಲಿಲ್ಲ. ಐದು ದಿನ ಅವರು ಇನ್ನಷ್ಟು ಹತ್ತಿ ತುರುಕಿದರು, ಇನ್ನಷ್ಟು ಬಿಗಿಯಾಗಿ ಹೊಲಿದರು. ಪ್ರತಿ ಸಲವೂ ಸ್ಥಿತಿ ಹದಗೆಟ್ಟಿತು.

ಆರನೆಯ ದಿನ ನಸೀಬಾ ಬಂದು ಪೆಟ್ಟಿಗೆಯೊಳಗೆ ಕೈಯಾಡಿಸಿದರು. ಅವರಿಗೆ ಎಪ್ಪತ್ತನಾಲ್ಕು. ತಾಯಿ ಮಗನ ನಡುವಿನ ಮಾತು ಉರ್ದುವಿನಲ್ಲಿ; ನನಗೆ ಅದನ್ನು ಅವರು ಕನ್ನಡದಲ್ಲೇ ಆಡಿ ತೋರಿಸಿದರು.

"ಇದರಾಗೆ ಯಾರನ್ನ ಮಲಗಿಸ್ತೀಯಪ್ಪ?"

"ಗಾದಿ ಗಟ್ಟಿ ಇರಬೇಕಲ್ಲ ಅಮ್ಮಿ."

"ಮನುಷ್ಯರ ಬೆನ್ನಿಗೆ ಗಟ್ಟಿ ಬೇಕು. ಸದ್ದಿಗೆ ಬೆನ್ನೈತಾ? ಗಟ್ಟಿ ಹತ್ತಿ ಸದ್ದನ್ನ ಒದೀತೈತೆ. ನಿಮ್ಮಪ್ಪ ಹಿಂಜ್ತಿದ್ರೆ, ಹಿಂಜಿದ ಹತ್ತಿ ರಾಶಿ ಹಿಂದೆ ಕೂಸಾಗಿದ್ದ ನಿನ್ನ ಜೋಲಿ ಕಟ್ತಿದ್ದೆ. ಬಿಲ್ಲಿನ ಸದ್ದಿಗೆ ಒಂದಿನ ಎದ್ದೋನಲ್ಲ ನೀನು."

ಯಂತ್ರದಲ್ಲಿ ಹಿಂಜಿಸಿದ ಹತ್ತಿ ಒತ್ತಿಕೊಂಡು ಬರುತ್ತದೆಂದು ನಸೀಬಾ ಅಟ್ಟದ ಮೇಲಿನ ಬಿಲ್ಲನ್ನೇ ಇಳಿಸಿದರು. ಬಿಲ್ಲೂ ಸದ್ದು ಮಾಡುವುದರಿಂದ ಊರಾಚೆಯ ಈದ್ಗಾ ಮೈದಾನದ ಮರದ ಕೆಳಗೆ ಕುಳಿತು ಎರಡು ದಿನ ಹಿಂಜಿದರು. ಹತ್ತಿ ನೊರೆಯಂತಾಯಿತು. ತಾಯಿ ಮಗ ಸೇರಿ ಪೆಟ್ಟಿಗೆಯನ್ನು ಅದಕ್ಕಿಂತ ದೊಡ್ಡದೊಂದರೊಳಗೆ ಇಟ್ಟು, ನಡುವಿನ ಗೇಣು ಜಾಗಕ್ಕೆ ಆ ಹತ್ತಿಯನ್ನು ಅದುಮದೆ, ಹಗುರವಾಗಿ ಉದುರಿಸಿದರು. ಒಳಮೈಗೂ ಟಾಕಿಯಿಲ್ಲದ ಬಿಡಿ ಹತ್ತಿಯೇ. ನೆಲಕ್ಕೆ ಕಂಪನ ಇಳಿಯದಂತೆ ಇಡೀ ಪೆಟ್ಟಿಗೆಯನ್ನು ಕೌದಿಗಳ ಮೇಲೆ ಕೂರಿಸಿದರು.

ಪರೀಕ್ಷೆಗೆ ಕಾಟಮ್ಮ ತಮ್ಮ ಮನೆಯ ಗೋಡೆಗೆ ಕಿವಿಯಿಟ್ಟು, ಕೈಯಲ್ಲಿ ಫೋನ್ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಬೈದರು.

"ಎಷ್ಟೊತ್ ನಿಂತ್ಕಳಾದೋ? ಒಲೆ ಮೇಲೆ ಸಾರೈತೆ. ಶುರು ಮಾಡು ಬೇಗ!"

"ಮುಗೀತು ಕಾಟಮ್ಮಕ್ಕ. ಪೂರ್ತಿ ವಾಲ್ಯೂಮ್ ಇಟ್ಟು ಎರಡು ಸಲ ನುಡಿಸ್ದೆ."

ಕಾಟಮ್ಮ ಗೋಡೆಯಿಂದ ಕಿವಿ ತೆಗೆದರು. ಆಮೇಲೆ, "ನಿಮ್ಮವ್ವನ ಕೈಗೆ ಬಂಗಾರದ ಬಳೆ ಹಾಕಿಸ್ಬೇಕು ಕಣೋ" ಎಂದರಂತೆ.

ಶಸ್ತ್ರಚಿಕಿತ್ಸೆಗೆ ಮೂರು ದಿನವಿರುವಾಗ, ಬೆಳಗಿನ ಹತ್ತು ಗಂಟೆಗೆ, ಮುಝಫರ್ ಬಿಸಿನೀರಿನಿಂದ ಕೈ ತೆಗೆದು ಒರೆಸಿಕೊಂಡರು. ನನಗೊಂದು ಹೆಡ್‌ಫೋನ್ ಕೊಟ್ಟು, "ಹಾಕ್ಕಳ್ರಿ, ಇಲ್ದಿದ್ರೆ ನಿಮಗೇನೂ ಕೇಳಲ್ಲ" ಎಂದರು. ಮೊದಲ ಸಲ ಎರಡನೆಯ ನಿಮಿಷದಲ್ಲಿ ಬೆರಳು ಸಿಕ್ಕಿಕೊಂಡಿತು. ಎಳೆದು ಬಿಡಿಸಿದರು. ಎರಡನೆಯ ಸಲ ಅದಕ್ಕೂ ಮುಂಚೆಯೇ. ಮತ್ತೆ ಬಿಸಿನೀರು. ಮೂರನೆಯ ಸಲ ಅವರು ಕಣ್ಣು ಮುಚ್ಚಿ ನುಡಿಸಿದರು.

ನಡುವೆ ಒಮ್ಮೆ ಹೆಡ್‌ಫೋನನ್ನು ಕಿವಿಯಿಂದ ಸರಿಸಿದೆ. ಕೋಣೆಯಲ್ಲಿ ತಂತಿಗೆ ಬೆರಳು ತಾಗುವ ಸಣ್ಣ ಸಪ್ಪಳ. ಗೋಡೆಯ ಆಚೆ ಗಂಡನಿಗೆ ಗಂಜಿ ಕುಡಿಸುತ್ತಿದ್ದ ಕಾಟಮ್ಮನ "ಇನ್ನೊಂದ್ ಗುಟುಕು" ಎಂಬ ಮಾತು. ಹೆಡ್‌ಫೋನನ್ನು ಮತ್ತೆ ಇಟ್ಟುಕೊಂಡೊಡನೆ ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಗುಡುಗು ಉರುಳಿದಂಥ ಸ್ವರ. ಎರಡೂ ಒಂದೇ ಕೋಣೆಯಲ್ಲಿ ಒಂದೇ ಕ್ಷಣದಲ್ಲಿ ಇದ್ದವೆಂಬುದನ್ನು ನಂಬಲು ನಾನು ಮೂರು ಬಾರಿ ಹೆಡ್‌ಫೋನ್ ತೆಗೆದು ಹಾಕಿ ನೋಡಿದೆ.

ಆ ರಚನೆ ಮುಗಿಯಬೇಕಾದದ್ದು ಬಿಲ್ಲಿನ ಮಿಡಿತದಂತೆ ತಟ್ಟನೆ ನಿಲ್ಲುವ ಒಂದು ಸ್ವರದಿಂದ. ಅವರು ಅದನ್ನು ಮೀಟಿದರು. ಸ್ವರ ನಿಲ್ಲಿಸಲು ಎತ್ತಬೇಕಿದ್ದ ಎಡಗೈಯ ಬೆರಳು ಮೇಲೇಳಲಿಲ್ಲ. ತಂತಿಯ ಮೇಲೆಯೇ ಸಿಕ್ಕಿಕೊಂಡಿತು. ತುಂಬು ಬಿಸಿಯಲ್ಲಿದ್ದ ವಾಲ್ವುಗಳು ಆ ಸ್ವರವನ್ನು ಬಿಡದೆ ಹಿಡಿದವು. ಅದು ದಪ್ಪವಾಯಿತು, ತನ್ನೊಳಗಿಂದಲೇ ಇನ್ನೊಂದು ಮೇಲಿನ ಸ್ವರವನ್ನು ಹೊರಡಿಸಿತು, ಆಮೇಲೆ ತನ್ನಷ್ಟಕ್ಕೆ ತೆಳುವಾಗುತ್ತ ಹೋಯಿತು. ಆಮೇಲೆ ಅಳೆದು ನೋಡಿದರೆ ಹತ್ತೊಂಬತ್ತು ಸೆಕೆಂಡು. ಅಷ್ಟು ಹೊತ್ತೂ ಮುಝಫರ್ ಅಲುಗಾಡಲಿಲ್ಲ.

"ಇನ್ನೊಮ್ಮೆ ನುಡಿಸುತ್ತೀರಾ?" ಎಂದು ಕೇಳಿದೆ.

"ಯಾಕ್ರಿ? ಬೆರಳು ಚೆನ್ನಾಗಿದ್ದಿದ್ರೆ ಎತ್ತಿಬಿಡ್ತಿದ್ದೆ. ಈ ಸ್ವರ ಇದರೊಳಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ."

ಬಲಗೈಯಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಕೊನೆಯ ನಿಮಿಷವನ್ನು ಮತ್ತೆ ಕೇಳಿದರು. ಆ ಸ್ವರ ಎರಡನೆಯ ಬಾರಿ ಪೂರ್ತಿ ಆರಿಹೋದ ಮೇಲೆಯೇ ಎಡಗೈಯ ಬೆರಳನ್ನು ಹಿಡಿದು, ಮೆಲ್ಲಗೆ ಎಳೆದು, ತಂತಿಯಿಂದ ಬಿಡಿಸಿಕೊಂಡರು.