ಮಳಿ ಮಾಸ್ತರರ ಗೀಟು

ಅವರ ಧೋತರಕ್ಕೆ ಬಲಮೊಣಕಾಲಿನ ಹತ್ತಿರ ಅಂಗೈಯಗಲದ ಒಂದು ಕರಿಕಲೆ ಇರುತ್ತಿತ್ತು. ಎರೆಮಣ್ಣಿನ ಕಲೆ. ಎಷ್ಟು ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ, ಹೋಗಲು ಅವರು ಬಿಡುತ್ತಲೂ ಇರಲಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಶಾಲೆಯ ಅಂಗಳದ ಮಳೆಮಾಪಕದ ಮುಂದೆ ಬಲಮೊಣಕಾಲೂರಿ ಕೂತು, ಅಳತೆಯ ಗಾಜನ್ನು ಕಟ್ಟೆಯ ಅಂಚಿಗಿಟ್ಟು, ನೀರಿನ ಮಟ್ಟಕ್ಕೆ ಕಣ್ಣು ತರುತ್ತಿದ್ದರು. ನಿಂತು ಬಗ್ಗಿ ನೋಡಿದರೆ ಒಂದು ಗೆರೆ ಹೆಚ್ಚು ಕಾಣುತ್ತದೆ ಎಂಬುದು ಅವರ ತಕರಾರು. ಒಣಬಿಸಿಲಿನ ದಿನವೂ ಹೀಗೇ. ಡಬ್ಬಿ ಬರಿದಾಗಿದೆ ಎಂಬುದನ್ನೂ ಅವರು ಮೊಣಕಾಲೂರಿಯೇ ನೋಡುತ್ತಿದ್ದರು.

ನನಗೀಗ ಬರೆಯುವುದೆಂದರೇ ಬೇಜಾರು. ಜೀವಮಾನವೆಲ್ಲ ವರದಿ ಬರೆದು ಸಾಕಾಗಿದೆ. ಅವುಗಳನ್ನು ಯಾರು ಓದಿದರೋ ದೇವರಿಗೇ ಗೊತ್ತು. ಓದಿಸಿಕೊಂಡ ಒಂದೇ ಒಂದು ವರದಿ ಈ ಮಾಸ್ತರರ ಮನೆ ಹಾಳುಮಾಡಿತು. ಅದನ್ನು ಟೈಪು ಮಾಡಿದವನು ನಾನು. ಆದ್ದರಿಂದ ಇದನ್ನೂ ನಾನೇ ಬರೆಯಬೇಕು, ಬೇರೆ ದಾರಿಯಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಜೇವರ್ಗಿಯ ನಾನು ಕಲಬುರಗಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಹನ್ನೊಂದು ತಿಂಗಳಿಗೊಮ್ಮೆ ಮುಂದುವರಿಸುವ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬಿದ್ದ ಮಳೆಯಲ್ಲಿ ಎಷ್ಟನ್ನು ಎರೆಭೂಮಿ ಕುಡಿಯುತ್ತದೆ, ಎಷ್ಟು ಹರಿದು ಭೀಮೆಗೆ ಸೇರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಒಂದು ಮಾದರಿಯನ್ನು ನಮ್ಮ ಪ್ರೊಫೆಸರು ಕಟ್ಟುತ್ತಿದ್ದರು. ಮಾದರಿಯೆಂದರೆ ಮತ್ತೇನಲ್ಲ, ಹಿಂದಿನ ವರ್ಷಗಳ ಮಳೆಯನ್ನು ಅದಕ್ಕೆ ಉಣಿಸಿದರೆ ಅದು ಹೊಳೆಯ ನೀರನ್ನು ಹೇಳಬೇಕು. ಉಣಿಸುವ ಕೆಲಸ ನನ್ನದು. ಊರೂರಿನ ಮಳೆಯ ಹಾಳೆಗಳನ್ನು ತಂದು ಒಂದೊಂದೇ ಅಂಕಿಯನ್ನು ಕೀಲಿಮಣೆಯಲ್ಲಿ ಕುಟ್ಟಬೇಕಿತ್ತು. ಇಡೀ ಕಟ್ಟಡದಲ್ಲಿ ತಂಪು ಹವೆ ಇದ್ದದ್ದು ಕಂಪ್ಯೂಟರಿನ ಕೋಣೆಯೊಂದಕ್ಕೇ. ಅದೂ ಯಂತ್ರದ ಸಲುವಾಗಿ, ನಮ್ಮ ಸಲುವಾಗಿ ಅಲ್ಲ. ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಹೋದಂತೆ ಒಳಗೆ ಹೋಗುತ್ತಿದ್ದೆವು.

ಹಾಳೆ ತರಲು ಹಿರೋಳ್ಳಿಯ ಕಡೆಯಿಂದ ಹಿಡಿದು ಭೀಮೆಯ ದಂಡೆಯವರೆಗೆ ಕೆಟ್ಟ ಬಸ್ಸುಗಳಲ್ಲಿ ತಿರುಗಿದೆ. ಹಾಗೆ ತಿರುಗುವಾಗಲೇ ಹವಳಗಾದ ಹಾದಿಯ ಒಂದು ಹಳ್ಳಿಯಲ್ಲಿ ಇವರು ಸಿಕ್ಕರು. ಶಾಲೆಯಿಂದ ನಿವೃತ್ತರಾಗಿದ್ದರೂ ಮಳೆ ಅಳೆಯುವ ಕೆಲಸವನ್ನು ಬಿಟ್ಟಿರಲಿಲ್ಲ. ಊರಿಗೆಲ್ಲ ಅವರು ಮಳಿ ಮಾಸ್ತರ. ರಾಶಿ ಮಾಡುವವರು, ಬಿತ್ತುವವರು, ಹೊಲಕ್ಕಾಗಿ ಜಗಳಾಡುವವರು ಎಲ್ಲರೂ ಅವರ ಪುಸ್ತಕಕ್ಕೇ ಬರುತ್ತಿದ್ದರು. 'ಮಾಸ್ತರ ಬರದಾನಂದ್ರ ಬರದಾನ' ಎಂಬ ಮಾತೊಂದು ಆ ಊರಿನಲ್ಲಿ ರೂಢಿಯಲ್ಲಿತ್ತು. ಪುಸ್ತಕದಲ್ಲಿದ್ದರೆ ಮಳೆ ಬಂದಿತ್ತು, ಇಲ್ಲದಿದ್ದರೆ ಇಲ್ಲ. ಅಷ್ಟೇ.

ಅವತ್ತು ಅವರು ಆ ಪುಸ್ತಕವನ್ನು ತೆಗೆದು ನನಗೆ ತೋರಿಸಿದರು. ಕೆಲವು ದಿನಗಳ ಮುಂದೆ ಸೊನ್ನೆ, ಕೆಲವು ದಿನಗಳ ಮುಂದೆ ಒಂದು ಅಡ್ಡಗೀಟು.

"ಇಲ್ಲಿ ನೋಡು ತಮ್ಮಾ. ಸೊನ್ನಿ ಅಂದ್ರ ನಾ ನೋಡೀನಿ, ಮಳಿ ಇದ್ದಿಲ್ಲ. ಗೀಟು ಅಂದ್ರ ನಾ ಊರಾಗಿಲ್ಲ, ನೋಡಿಲ್ಲ. ಮರುದಿನ ಬರದದ್ದು ಎರಡೂ ದಿನದ್ದು ಕೂಡಿ. ಎರಡೂ ಒಂದ ಅಂತ ತಿಳಕೋಬ್ಯಾಡ."

"ಮನ್ಯಾಗ ಯಾರಿಗರ ನೋಡಾಕ ಹೇಳಬಾರದೇನ್ರಿ?" ಎಂದೆ.

"ಮಂದಿ ಕಣ್ಣಾಗ ನೋಡಿ ನಾ ಹೆಂಗ ಸಹಿ ಮಾಡ್ಲಿ?"

ಅವರ ಮನೆಯವರು ಒಳಗಿನಿಂದ ನಕ್ಕರು. "ಅವರ ಕಣ್ಣಿಗೆ ಬಿದ್ದರ ಖರೇ ಮಳಿ ನೋಡಪಾ. ನಾವು ತೊಯ್ಸಿಕೊಂಡದ್ದು ಮಳಿ ಅಲ್ಲ!"

ನಾನೂ ನಕ್ಕೆ. ಗಡಿಯಾರ ನೋಡಿಕೊಂಡು ಹ್ಞೂಂ ಹ್ಞೂಂ ಎಂದೆ. ಬಸ್ಸು ತಪ್ಪೀತೆಂಬ ಚಿಂತೆ ನನಗೆ.

ಕಲಬುರಗಿಗೆ ಬಂದು ಕುಟ್ಟಲು ಕೂತರೆ ಹಾಳೆಗಳು ಮುಗಿಯುವ ಲಕ್ಷಣವೇ ಇಲ್ಲ. ಮಾಸ್ತರರ ಹಾಳೆಯಲ್ಲಿ ಗೀಟು ಬಂದಾಗಲೆಲ್ಲ ನಾನೂ ಗೀಟು ಹಾಕಿದರೆ ಪ್ರೋಗ್ರಾಮು ಕೀಂಯ್ ಎಂದು ನಿಲ್ಲುತ್ತಿತ್ತು. ಅದಕ್ಕೆ ಅಂಕಿಯೇ ಬೇಕು. ನೋಡದ ದಿನಕ್ಕೆ ಮೈನಸ್ ತೊಂಬತ್ತೊಂಬತ್ತು ಹಾಕಿರಿ, ಆ ದಿನವನ್ನು ಯಂತ್ರ ಬಿಟ್ಟು ಮುಂದೆ ಹೋಗುತ್ತದೆ ಎಂದು ಕೈಪಿಡಿಯಲ್ಲಿ ಬರೆದಿತ್ತಂತೆ. ಕೈಪಿಡಿಯನ್ನು ಓದಿದವರು ಯಾರು? ಮೂರನೆಯ ಸಲ ನಿಂತಾಗ ಬೇಸತ್ತು ಸೊನ್ನೆ ಒತ್ತಿದೆ. ಯಂತ್ರ ಸುಮ್ಮನಾಯಿತು. ಆಮೇಲೆ ಗೀಟು ಕಂಡಲ್ಲೆಲ್ಲ ಸೊನ್ನೆ ಒತ್ತುತ್ತಾ ಹೋದೆ. ಒಂದು ವಾರದಲ್ಲಿ ಆ ಸಂಗತಿ ತಲೆಯಿಂದಲೇ ಹೋಯಿತು.

ಮಾದರಿ ಓಡಿತು. ಎಲ್ಲ ಊರುಗಳ ಮಳೆಯೂ ಹೊಳೆಯ ನೀರಿಗೆ ಹೊಂದಿತು, ಮಾಸ್ತರರ ಊರಿನದೊಂದನ್ನು ಬಿಟ್ಟು. ಸುತ್ತಲಿನ ಊರುಗಳಲ್ಲೆಲ್ಲ ಮಳೆ ಸುರಿದ ದಿನ ಇಲ್ಲಿ ಸೊನ್ನೆ. ಮರುದಿನ ಇಲ್ಲಿ ಎಲ್ಲರಿಗಿಂತ ಇಮ್ಮಡಿ. ಪ್ರೊಫೆಸರು ಅಂಥ ದಿನಗಳನ್ನು ಬೇರೆಯಾಗಿ ಮುದ್ರಿಸಲು ಹೇಳಿದರು. ಹಾಳೆ ಕೈಗೆ ಬಂದ ಮೇಲೆ ಹಳೆಯ ಪಂಚಾಂಗಗಳನ್ನು ತರಿಸಿ ಹೋಲಿಸಿದರು. ಹೋಲಿಸಿ ಜೋರಾಗಿ ನಕ್ಕರು.

"ಎಲ್ಲಾ ಹುಣ್ಣಿಮೆ ಕಣಯ್ಯಾ! ಈ ಊರಲ್ಲಿ ಮಳೆ ಕೂಡ ಹುಣ್ಣಿಮೆ ಉಪವಾಸ ಮಾಡುತ್ತೆ. ಮನೇಲಿ ಕೂತು ಸೊನ್ನೆ ಬರೀತಾನೆ ನಿಮ್ಮ ಮೇಷ್ಟ್ರು."

ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ಮೈ ಕಾದುಬರುತ್ತದೆ. ಸೊನ್ನೆ ಹಾಕಿದವನು ನಾನೆಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಬರಲಿಲ್ಲ. ಯಂತ್ರದಿಂದ ಮುದ್ರಿತವಾಗಿ ಬಂದ ಕಾಗದವನ್ನು ನಾನೂ ಎಲ್ಲರಂತೆ ನಂಬಿದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವನ್ನೂ ನೋಡಿರಲಿಲ್ಲ. ವರದಿಯಲ್ಲಿ ಒಂದು ಸಾಲು ಸೇರಿತು. 'ಈ ಊರಿನ ದಾಖಲೆ ನಂಬಲರ್ಹವಲ್ಲ. ವೀಕ್ಷಕರು ನೋಡದೆಯೇ ಅಂಕಿ ಬರೆದಂತೆ ಕಾಣುತ್ತದೆ.' ಟೈಪು ಮಾಡಿ, ಲಕೋಟೆಗೆ ಹಾಕಿ, ಮಳೆಮಾಪಕಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಕೊಟ್ಟು ಬಂದವನೂ ನಾನೇ.

ಮುಂದಿನ ಮಳೆಗಾಲದಲ್ಲಿ ನಮ್ಮ ದೊಡ್ಡವ್ವ ಹರಕೆಯಿದೆಯೆಂದು ಹಟ ಹಿಡಿದಳು. ಹುಣ್ಣಿಮೆಯ ದಿನ ಅವಳನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋದೆ. ಸಂಗಮದ ಮೆಟ್ಟಿಲ ಮೇಲೆ ಯಾರೋ ಒದ್ದೆ ಧೋತರ ಹಿಂಡುತ್ತಾ ನಿಂತಿದ್ದರು.

"ಯಾರು, ಕಂಪ್ಯೂಟರ್ ತಮ್ಮಾನ? ಇಲ್ಲಿ ಹೆಂಗ?"

"ದೊಡ್ಡವ್ವನ ಕರಕೊಂಡು ಬಂದೀನ್ರಿ ಮಾಸ್ತರ್ರ. ನೀವು?"

"ನಂದೇನು ಹೊಸಾದಲ್ಲ ಬಿಡು. ಇಪ್ಪತ್ತು ವರ್ಷಾತು, ಹುಣ್ಣಿಮಿ ತಪ್ಪಿಸಿಲ್ಲ. ಹಿಂದಿನ ದಿನ ಸಂಜಿಗೆ ಬರ್ತೇನಿ. ಹುಣ್ಣಿಮಿ ದಿನ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗ್ತೇನಿ."

ಹುಣ್ಣಿಮೆ. ಊರಾಗಿಲ್ಲ, ನೋಡಿಲ್ಲ. ಗೀಟು. ಕೀಂಯ್ ಎಂದು ನಿಂತ ಯಂತ್ರ, ಸೊನ್ನೆಯ ಮೇಲೆ ನನ್ನ ಬೆರಳು, ಎಲ್ಲವೂ ಒಮ್ಮೆಲೇ ನೆನಪಾದವು. ಆಗ ನೋಡಿದೆ, ಅವರ ಧೋತರ ಸ್ವಚ್ಛ ಬೆಳ್ಳಗಿತ್ತು. ಮೊಣಕಾಲಿನ ಕಲೆ ಇರಲಿಲ್ಲ.

"ಡಬ್ಬಿ ಕಿತ್ತಕೊಂಡು ಹೋದ್ರು ತಮ್ಮಾ. ನಾ ಸುಳ್ಳ ಬರೀತೇನಂತ. ಯಾವ ದಿನದ್ದು ಸುಳ್ಳು ಅಂತ ಕೇಳಿದ್ರ ಆ ಕಾಗದದಾಗ ಇಲ್ಲ. ಊರಾಗ ಮಂದಿ ಈಗ ಪುಸ್ತಕ ಕೇಳಾಕ ಬರಂಗಿಲ್ಲ." ಹಿಂಡಿದ ಧೋತರವನ್ನು ಮತ್ತೆ ಹಿಂಡಿದರು. "ನೀ ಕಲಬುರ್ಗ್ಯಾಗ ಇರ್ತಿ. ಜರಾ ಕೇಳಿ ನೋಡು, ಹಂಗ ಬರದವ್ರು ಯಾರಂತ."

"ಕೇಳ್ತೇನ್ರಿ" ಎಂದೆ.

ಅಷ್ಟೇ ಎಂದದ್ದು. ಹೇಡಿ ಮುಂಡೇದು ನಾನು. ಮರುದಿನವೇ ಮೂಲ ಹಾಳೆಗಳನ್ನು ತೆಗೆಸಿ ನೋಡಿದೆ. ಪ್ರತಿ ಹುಣ್ಣಿಮೆಗೂ ಗೀಟು, ಮರುದಿನದ ಅಂಕಿಯ ಮುಂದೆ 'ಎರಡು ದಿನದ್ದು' ಎಂದು ದುಂಡಗಿನ ಅಕ್ಷರದಲ್ಲಿ. ಗೀಟಿದ್ದ ದಿನಗಳಿಗೂ ಕೂಡಿಬಂದ ದಿನಗಳಿಗೂ ಮೈನಸ್ ತೊಂಬತ್ತೊಂಬತ್ತು ಹಾಕಿ ಮಾದರಿಯನ್ನು ಮತ್ತೆ ಓಡಿಸಿದೆ. ಮೂರೂ ತಾಲೂಕಿನಲ್ಲಿ ಹೊಳೆಯ ನೀರಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಮಾಸ್ತರರ ಮಳೆಯೇ. ಉಳಿದ ಹಾಳೆಗಳಲ್ಲಿ ಒಂದೂ ಗೀಟು ಇರಲಿಲ್ಲವಲ್ಲ, ಆ ಊರುಗಳಲ್ಲಿ ಯಾರೂ ಒಂದು ದಿನವೂ ಊರು ಬಿಟ್ಟು ಹೋಗಲಿಲ್ಲವೇ, ಜ್ವರ ಬಂದು ಮಲಗಲಿಲ್ಲವೇ ಎಂದು ಆಗ ಹೊಳೆಯಿತು. ನೋಡಿಲ್ಲವೆಂದು ಒಪ್ಪಿಕೊಂಡವರು ಇವರೊಬ್ಬರೇ. ಸುಳ್ಳನೆಂದು ಅನ್ನಿಸಿಕೊಂಡವರೂ ಇವರೊಬ್ಬರೇ.

ಇಷ್ಟು ತಿಳಿದ ಮೇಲೂ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ನನ್ನ ಹನ್ನೊಂದು ತಿಂಗಳು ಮುಗಿಯುವುದರಲ್ಲಿತ್ತು. ಪ್ರೊಫೆಸರಿಗೆ ಹೇಳಿದರೆ ಕೆಲಸ ಹೋಗುತ್ತದೆ, ಮಾಸ್ತರರಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಕಡೆಗೆ ಒಂದು ದಿನ ದಣಿದುಬಿಟ್ಟೆ. ಧೈರ್ಯ ಬಂದು ಹೋದೆ ಎಂದು ಹೇಳಿಕೊಳ್ಳಲಾರೆ. ಹೊತ್ತು ಹೊತ್ತು ಸಾಕಾಗಿ ಹೋದೆ.

ಬಾಗಿಲಲ್ಲಿ ಅವರ ಮನೆಯವರು ಜೋಳ ಹಸನು ಮಾಡುತ್ತಿದ್ದರು. "ಬಾ ಯಪ್ಪಾ, ಕುಂದ್ರು. ಅವರು ಸಾಲಿ ಕಡಿ ಹೋಗ್ಯಾರ. ಡಬ್ಬಿ ಇಲ್ಲದಿದ್ರೂ ಎಂಟೂವರಿಗೆ ಹೋಗಿ ನಿಂತು ಬರ್ತಾರ. ಹೇಳಿದ್ರ ಕೇಳಂಗಿಲ್ಲ."

ಮಾಸ್ತರರು ಬಂದರು. ನನ್ನನ್ನು ನೋಡಿ ತಲೆಯಾಡಿಸಿ, ಮೊದಲು ಪುಸ್ತಕ ತೆಗೆದು ಅವತ್ತಿನ ತಾರೀಖಿನ ಮುಂದೆ ಗೀಟು ಎಳೆದರು. ನಾನು ಬಗ್ಗಿ ನೋಡಿದೆ. ಡಬ್ಬಿ ಹೋದ ದಿನದಿಂದ ಹಾಳೆ ತುಂಬ ಗೀಟುಗಳೇ. ಅಂಗಳದಲ್ಲಿ ಮಳೆ ಸುರಿದ ದಿನಗಳಲ್ಲೂ ಅಳೆಯಲು ಏನೂ ಇರಲಿಲ್ಲ, ಆದ್ದರಿಂದ ಗೀಟು.

"ಮಾಸ್ತರ್ರ, ಹಂಗ ಬರದಾವ ನಾನ ಅದೀನಿ" ಎಂದೆ. ಗೀಟು, ಸೊನ್ನೆ, ಹುಣ್ಣಿಮೆ, ಎಲ್ಲವನ್ನೂ ಹೇಳಿದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ಅವತ್ತ ನಾ ಹೇಳಿದ್ದೆನಲ್ಲ ತಮ್ಮಾ?"

"ಹೇಳಿದ್ರಿ."

"ಮತ್ತ?"

"ಕೇಳಿಸಿಕೊಂಡಿದ್ದಿಲ್ರಿ."

ಬೈದಿದ್ದರೆ ಚೆನ್ನಾಗಿತ್ತು. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಕೊನೆಯ ಕಾಲಮಿನ ಮೇಲೆ ಬೆರಳಿಟ್ಟರು. ಅದು ಷರಾ ಬರೆಯುವ ಕಾಲಮು, ವಿಶೇಷವೇನಾದರೂ ಇದ್ದರೆ ಬರೆಯಲು.

"ಬಾಯಿಲೆ ಹೇಳಬ್ಯಾಡ. ಬಾಯಿ ಮಾತು ಊರಿಗೆ ಮುಟ್ಟಂಗಿಲ್ಲ. ಬರದು ಸಹಿ ಮಾಡು."

'ಗೀಟು ಇದ್ದಲ್ಲಿ ಸೊನ್ನೆ ಹಾಕಿದವನು ನಾನು. ಮಾಸ್ತರರ ದಾಖಲೆ ಸರಿ ಇದೆ' ಎಂದು ಬರೆದೆ. ಕೆಳಗೆ ಸಹಿ ಮಾಡಿದೆ. ಅವರು ಕನ್ನಡಕ ಏರಿಸಿ ಓದಿ, ತಾರೀಖು ಹಾಕಿಲ್ಲವೆಂದು ಮತ್ತೆ ನನ್ನ ಮುಂದಿಟ್ಟರು. ತಾರೀಖು ಹಾಕಿದೆ. ಅವರ ಮನೆಯವರು ರೊಟ್ಟಿ, ಪುಂಡಿಪಲ್ಯೆ ತಂದಿಟ್ಟರು. ಉಂಡೆ. ಉಣ್ಣದೆ ಏಳುವ ಹಕ್ಕು ನನಗಿರಲಿಲ್ಲ. ನಾನು ಹೊರಡುವ ಹೊತ್ತಿಗೆ ಆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಅವರು ಚಾವಡಿಯ ಕಡೆ ಹೊರಟಿದ್ದರು.

ಪ್ರೊಫೆಸರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾನೂ ಒಂದು ಸಲ ಮೂಲ ಹಾಳೆ ನೋಡಬೇಕಿತ್ತು. ತಿದ್ದುಪಡಿ ಪತ್ರ ಬರಿ, ಸಹಿ ಮಾಡ್ತೀನಿ" ಎಂದರು. ಪತ್ರ ಬರೆದೆ. ನನ್ನ ಕೆಲಸ ಮುಂದುವರಿಯಲಿಲ್ಲ. ಒಂದು ವರ್ಷ ಅಲೆದು ಕಲಬುರಗಿಯದೇ ಮತ್ತೊಂದು ಕಚೇರಿಯಲ್ಲಿ ಇದೇ ಅಂಕಿ ಕುಟ್ಟುವ ಕೆಲಸಕ್ಕೆ ಸೇರಿದೆ. ಪತ್ರವೂ ಮೇಜಿನಿಂದ ಮೇಜಿಗೆ ಅಷ್ಟೇ ಕಾಲ ಅಲೆಯಿತು. ಕೊನೆಗೆ ಡಬ್ಬಿ ಬಂತೆಂದು ಮಾಸ್ತರರು ಒಂದು ಕಾರ್ಡು ಹಾಕಿದರು. ಹೋದೆ. ಮರುದಿನ ಎಂಟೂವರೆಗೆ ಅವರು ಮೊಣಕಾಲೂರಿದರು. ಮಳೆಯಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು, ಅಷ್ಟೊಂದು ಗೀಟುಗಳ ಕೆಳಗೆ ಒಂದು ಸೊನ್ನೆಯನ್ನು ನಿಧಾನವಾಗಿ ದುಂಡಗೆ ಬರೆದರು. ಬರೆದು ನನ್ನ ಮುಖ ನೋಡಿ ನಕ್ಕರು. ಸೊನ್ನೆಗೆ ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೆ ಅವರ ಹಾಳೆಗಳು ತಿಂಗಳು ತಿಂಗಳು ನನ್ನ ಮೇಜಿಗೇ ಬರುತ್ತಿದ್ದವು. ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಹಾಳೆ ಬರಲಿಲ್ಲ. ಹೋಗಬೇಕು ಹೋಗಬೇಕು ಎನ್ನುತ್ತಲೇ ಎರಡು ವಾರ ಕಳೆದೆ. ಹೋದಾಗ ಅವರ ಮನೆಯವರು ನಡುಮನೆಯಲ್ಲಿ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಎದ್ದು, ಗೂಟದಲ್ಲಿದ್ದ ಚೀಲದಿಂದ ಪುಸ್ತಕ ತೆಗೆದುಕೊಟ್ಟರು. ಗೂಟದ ಮೇಲೆ ಅವರ ಧೋತರ ಇನ್ನೂ ಇತ್ತು, ಮೊಣಕಾಲಿನ ಕಲೆಯ ಸಮೇತ.

"ತಿಂಗಳಾ ಮುಗೀತು, ಇದನ್ನ ನಿಮಗ ಮುಟ್ಟಿಸಬೇಕಿತ್ತು ಯಪ್ಪಾ. ಕಳಸಾಕ ನನಗ ತಿಳೀಲಿಲ್ಲ."

ಅವರ ದುಂಡಗಿನ ಅಂಕಿಗಳು ಒಂದು ತಾರೀಖಿನವರೆಗೆ ಬಂದು ನಿಂತಿದ್ದವು. ಅದರ ಮರುದಿನದ ಮುಂದೆ ಒಂದು ಗೀಟು. ಅದು ಅವರದಲ್ಲ. ತನ್ನ ಚೌಕದಿಂದ ಹೊರಬಿದ್ದು ಪಕ್ಕದ ಕಾಲಮಿಗೂ ಹೋಗಿತ್ತು.

"ಇದು ಯಾರು ಹಾಕಿದ್ದವ್ವಾ?"

"ನಾನ. ನನಗೇನು ಓದಾಕ ಬರ್ತದೇನು, ಗೀಟು ಎಳಿಯೂದು ನೋಡಿದ್ದೆ. ಅವತ್ತ ಮುಂಜಾನೆ ಹೋದ್ರು ಯಪ್ಪಾ. ಹೊರಗ ಧೋ ಅಂತ ಮಳಿ. ಡಬ್ಬಿ ತುಂಬ್ಯಾದ, ಎಂಟೂವರಿ ಆತು, ಯಾರರ ನೋಡಿ ಬರೀರಿ ಅಂದ್ರು ಮಂದಿ. ನಾ ಬ್ಯಾಡ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವರು ನೋಡಿಲ್ಲಲ್ಲ."

ಪುಸ್ತಕವನ್ನು ಕಲಬುರಗಿಗೆ ತಂದು ಆ ತಿಂಗಳನ್ನು ನಾನೇ ಕುಟ್ಟಿದೆ. ಆ ತಾರೀಖಿಗೆ ಬಂದಾಗ ಮೈನಸ್ ತೊಂಬತ್ತೊಂಬತ್ತು ಹಾಕಿದೆ. ಯಂತ್ರ ಆ ದಿನವನ್ನು ಬಿಟ್ಟು ಮುಂದೆ ಹೋಯಿತು. ಅವತ್ತು ಆ ಊರಿನಲ್ಲಿ ಎಷ್ಟು ಮಳೆಯಾಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.